ಸುಟ್ಟ ರೋಧಕ, ಕೆಟ್ಟ ಕಂಡೆನ್ಸರು: ವಾಲ್ವು ಪೂರ್ವವರ್ಧಕದ ವಿದ್ಯುತ್ ಸರಬರಾಯಿಯಲ್ಲಿ ದೋಷಶೋಧನೆ

1. ಪ್ರಸ್ತಾವನೆ

ಯಂತ್ರವೊಂದು ಕೆಟ್ಟು ನಿಂತಾಗ ನಮ್ಮ ದೃಷ್ಟಿ ಸಹಜವಾಗಿ ಕಣ್ಣಿಗೆ ಕಾಣುವ ಗಾಯದ ಕಡೆಗೇ ಹರಿಯುತ್ತದೆ. ಸುಟ್ಟು ಕರಿಕಾದ ಭಾಗವನ್ನು ತೆಗೆದು, ಅದರ ಸ್ಥಾನದಲ್ಲಿ ಅಂಥದೇ ಹೊಸದೊಂದನ್ನು ಬೆಸೆದರೆ ದುರಸ್ತಿ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಸುಟ್ಟ ಭಾಗವು ಅನೇಕ ವೇಳೆ ದೋಷದ ಪರಿಣಾಮ ಮಾತ್ರ. ಕಾರಣವು ಅದರ ಪಕ್ಕದಲ್ಲಿಯೇ, ಹೊರಗೆ ಯಾವ ಕಲೆಯೂ ಇಲ್ಲದೆ, ನಿರಪರಾಧಿಯಂತೆ ಕುಳಿತಿರಬಹುದು. ನಮ್ಮ ವಿಭಾಗದ ಪ್ರಯೋಗಶಾಲೆಯ ವಾಲ್ವು ಪೂರ್ವವರ್ಧಕದಲ್ಲಿ ಈಚೆಗೆ ಒದಗಿದ ದೋಷವು ಈ ಮಾತಿಗೆ ಒಳ್ಳೆಯ ನಿದರ್ಶನ. ಅದನ್ನು ಪತ್ತೆಮಾಡುವಾಗ ನಾವು ಎರಡು ಸಲ ದಾರಿ ತಪ್ಪಿದೆವು. ನಮ್ಮನ್ನು ಸರಿದಾರಿಗೆ ತಂದದ್ದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ಓಮನ ನಿಯಮ. ಆ ವೃತ್ತಾಂತವನ್ನು ತಪ್ಪುಗಳನ್ನೂ ಮರೆಮಾಚದೆ ಇಲ್ಲಿ ನಿರೂಪಿಸಿದ್ದೇವೆ.

ಈ ಉಪಕರಣವನ್ನು ನಾವು ಕೇವಲ ಪಾಠಕ್ಕಾಗಿ ಇಟ್ಟುಕೊಂಡಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿ, ಆ ಧ್ವನಿಯನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸಲು ಇದನ್ನು ಬಳಸುತ್ತೇವೆ. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಸಂಸ್ಥೆಗಳು ಒಂದೇ ಪ್ರಮಾಣವನ್ನು ಒಪ್ಪಿಕೊಳ್ಳುವ ಮೊದಲು, ಮಂದ್ರ ಮತ್ತು ತಾರ ಸ್ವರಗಳ ಮಟ್ಟವನ್ನು ಹೊಂದಿಸುವ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆಯಾಗಿತ್ತು. ಆ ಬೇರೆಬೇರೆ ಕ್ರಮಗಳಿಗೆ ತಕ್ಕ ಸ್ವಿಚ್ಚುಗಳು ಈ ಪೂರ್ವವರ್ಧಕದಲ್ಲಿವೆ. ದೋಷ ಕಾಣಿಸಿಕೊಂಡಾಗ ಒಂದು ಮನೆತನದವರು ಹತ್ತು ದಿನಗಳ ಮಟ್ಟಿಗೆ ನಂಬಿ ಕೊಟ್ಟಿದ್ದ ತಟ್ಟೆಗಳು ನಮ್ಮ ಮೇಜಿನ ಮೇಲಿದ್ದವು. ಅರಗಿನ ತಟ್ಟೆಯ ಗೀರು ಮುಳ್ಳು ಓಡಿದಂತೆಲ್ಲ ಸವೆಯುತ್ತದೆ. ಆದ್ದರಿಂದ ಅರ್ಧದಲ್ಲಿ ನಿಂತ ಪ್ರತಿಯೊಂದು ಮುದ್ರಣವೂ ನಮಗೆ ನಷ್ಟವೇ ಆಗಿತ್ತು.

2. ಸರಬರಾಯಿಯ ರಚನೆ

ಪೂರ್ವವರ್ಧಕದಲ್ಲಿ ಇಸಿಸಿ 83 ಜಾತಿಯ ಎರಡು ವಾಲ್ವುಗಳಿವೆ. ಒಂದೊಂದು ಗಾಜಿನ ಬುರುಡೆಯಲ್ಲಿಯೂ ಎರಡೆರಡು ಟ್ರಯೋಡುಗಳಿರುವುದರಿಂದ ವರ್ಧನದ ಹಂತಗಳು ಒಟ್ಟು ನಾಲ್ಕು. ಮೊದಲನೆಯ ವಾಲ್ವಿನಲ್ಲಿ ಮೊದಲ ಎರಡು ಹಂತಗಳೂ, ಎರಡನೆಯ ವಾಲ್ವಿನಲ್ಲಿ ಕೊನೆಯ ಎರಡು ಹಂತಗಳೂ ಇವೆ. ಮುಳ್ಳಿನಿಂದ ಬರುವ ಸಂಕೇತ ಸುಮಾರು 5 ಮಿಲಿವೋಲ್ಟು ಮಾತ್ರ. ಮೊದಲನೆಯ ಹಂತವೊಂದೇ ಅದನ್ನು ಸುಮಾರು 50 ಪಟ್ಟು ಹಿಗ್ಗಿಸುತ್ತದೆ. ಇಷ್ಟು ಸೂಕ್ಷ್ಮವಾದ ಹಂತಕ್ಕೆ ಉಣಿಸುವ ವಿದ್ಯುತ್ತು ಎಷ್ಟು ನಿರ್ಮಲವಾಗಿರಬೇಕೆಂಬುದನ್ನು ಓದುಗರು ಊಹಿಸಬಹುದು.

ಟ್ರಾನ್ಸ್‌ಫಾರ್ಮರು ಮಧ್ಯಬಿಂದುವಿನಿಂದ ಎರಡು ಕಡೆಗೂ 230 ವೋಲ್ಟಿನಂತೆ ಕೊಡುವ ಪರ್ಯಾಯ ವಿದ್ಯುತ್ತನ್ನು ಈಜೆಡ್ 80 ಎಂಬ ರೆಕ್ಟಿಫೈಯರು ವಾಲ್ವು ಏಕಮುಖಗೊಳಿಸುತ್ತದೆ. ಅಲ್ಲಿಂದ ಮುಂದೆ ನಾಲ್ಕು ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಸಾಲಾಗಿ ನಿಂತಿವೆ. ಅವು ನಿಂತ ಸ್ಥಾನಗಳನ್ನು ಕ, ಖ, ಗ, ಘ ಎಂದು ಕರೆಯೋಣ. ಕ ಮತ್ತು ಖಗಳಲ್ಲಿ 32 ಮೈಕ್ರೊಫ್ಯಾರಡಿನವೂ ಗ ಮತ್ತು ಘಗಳಲ್ಲಿ 16 ಮೈಕ್ರೊಫ್ಯಾರಡಿನವೂ ಇವೆ. ಕ-ಖಗಳ ನಡುವೆ 10,000 ಓಮ್, ಖ-ಗಗಳ ನಡುವೆ 22,000 ಓಮ್, ಗ-ಘಗಳ ನಡುವೆ 47,000 ಓಮ್ ರೋಧಕಗಳಿವೆ. ಘದಿಂದ ಮೊದಲನೆಯ ಹಂತಕ್ಕೂ ಗದಿಂದ ಎರಡನೆಯದಕ್ಕೂ ಖದಿಂದ ಕೊನೆಯ ಎರಡಕ್ಕೂ ವಿದ್ಯುತ್ತು ಹೋಗುತ್ತದೆ.

ಈ ರಚನೆಯನ್ನು ನಮ್ಮ ನಾಡಿನ ಕೆರೆಗಳ ಸರಣಿಗೆ ಹೋಲಿಸಬಹುದು. ಮೇಲಿನ ಕೆರೆಯ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವಂತೆ, ಒಂದು ಕಂಡೆನ್ಸರಿನಿಂದ ರೋಧಕದ ಮೂಲಕ ವಿದ್ಯುತ್ತು ಮುಂದಿನ ಕಂಡೆನ್ಸರಿಗೆ ಇಳಿಯುತ್ತದೆ. ಮೊದಲ ಕೆರೆಯಲ್ಲಿ ಅಲೆಗಳು ಎಷ್ಟೇ ಇದ್ದರೂ ಕೊನೆಯ ಕೆರೆಯಲ್ಲಿ ನೀರು ನಿಶ್ಚಲವಾಗಿರುತ್ತದೆ. ಇದನ್ನು ಲೆಕ್ಕಹಾಕಿ ನೋಡುವುದು ಸುಲಭ. ಒಟ್ಟು ಪ್ರವಾಹ 4.4 ಮಿಲಿಆಂಪಿಯರ್, ಪೂರ್ಣತರಂಗ ರೆಕ್ಟಿಫೈಯರಾದ್ದರಿಂದ ಕಂಡೆನ್ಸರು ಸೆಕೆಂಡಿಗೆ 100 ಸಲ ತುಂಬುತ್ತದೆ. ಪ್ರವಾಹವನ್ನು ಈ ಸಂಖ್ಯೆ ಮತ್ತು ಧಾರಣೆಗಳ ಗುಣಲಬ್ಧದಿಂದ ಭಾಗಿಸಿದರೆ ಕ ಬಿಂದುವಿನಲ್ಲಿ ಅಲೆಯ ಎತ್ತರ ಸುಮಾರು 1.4 ವೋಲ್ಟು ಎಂದಾಗುತ್ತದೆ. 100 ಹರ್ಟ್ಸ್‌ನಲ್ಲಿ 32 ಮೈಕ್ರೊಫ್ಯಾರಡಿನ ಪ್ರತಿಘಾತ ಸುಮಾರು 50 ಓಮ್. ಅದು 10,000 ಓಮಿನ ಇನ್ನೂರರಲ್ಲಿ ಒಂದು ಪಾಲು. ಆದ್ದರಿಂದ ಖದಲ್ಲಿ ಅಲೆ 7 ಮಿಲಿವೋಲ್ಟಿಗೆ ಇಳಿಯುತ್ತದೆ. ಇದೇ ರೀತಿಯಲ್ಲಿ ಗದಲ್ಲಿ ಅದು ಸುಮಾರು 0.03 ಮಿಲಿವೋಲ್ಟು, ಘದಲ್ಲಿ ಒಂದು ಮೈಕ್ರೊವೋಲ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ.

3. ಸದ್ದು ಸೂಚಿಸುವ ಸಂಗತಿ

ದೋಷಶೋಧಕನ ಮೊದಲ ಉಪಕರಣ ಅವನ ಕಿವಿ. ಸರಬರಾಯಿಯ ಕಂಡೆನ್ಸರುಗಳು ಒಣಗಿ ಧಾರಣೆಯನ್ನು ಕಳೆದುಕೊಂಡರೆ ಮೇಲೆ ಹೇಳಿದ ಅಲೆಗಳು ಧ್ವನಿವರ್ಧಕದವರೆಗೂ ತಲಪಿ, 100 ಹರ್ಟ್ಸ್‌ನ ಝೇಂಕಾರವಾಗಿ ಕೇಳಿಸುತ್ತವೆ. ವಾಲ್ವಿನ ತಂತು ಕಾಯುವುದಕ್ಕೆ ಕೊಡುವ ಪರ್ಯಾಯ ವಿದ್ಯುತ್ತು ಸೋಂಕಿದರೆ, ಅಥವಾ ಭೂಸಂಪರ್ಕದ ತಂತಿಗಳು ವರ್ತುಲವಾಗಿ ಕೂಡಿಕೊಂಡರೆ, ಬರುವ ಝೇಂಕಾರ ಸಾಮಾನ್ಯವಾಗಿ 50 ಹರ್ಟ್ಸ್‌ನದು. ಎರಡಕ್ಕೂ ಒಂದು ಸ್ಥಾಯಿಯ ಅಂತರವಿರುವುದರಿಂದ ಸ್ವರಜ್ಞಾನವುಳ್ಳವರು ಮಾಪಕವಿಲ್ಲದೆಯೇ ಇವನ್ನು ಬೇರ್ಪಡಿಸಬಲ್ಲರು.

ನಮ್ಮ ಉಪಕರಣದಲ್ಲಿ ಈ ಎರಡೂ ಇರಲಿಲ್ಲ. ಅರ್ಧ ಗಂಟೆಯವರೆಗೆ ತಟ್ಟೆ ಸೊಗಸಾಗಿ ನುಡಿಯುತ್ತಿತ್ತು. ಆಮೇಲೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಚಟಪಟ ಸದ್ದು ಹಿನ್ನೆಲೆಯಲ್ಲಿ ತೋರಿತು, ಗಾಯನ ಕ್ಷೀಣಿಸಿತು, ತುಸು ಹೊತ್ತಿನಲ್ಲಿ ಸುಟ್ಟ ವಾಸನೆ ಬಂದು ಧ್ವನಿ ಪೂರ್ತಿಯಾಗಿ ನಿಂತಿತು. ಝೇಂಕಾರವಿಲ್ಲದಿದ್ದುದರಿಂದ ಮೊದಲ ಕಂಡೆನ್ಸರುಗಳ ಧಾರಣೆ ಸರಿಯಾಗಿದೆಯೆಂದು ತಿಳಿಯಬಹುದಾಗಿತ್ತು. ಕ್ರಮವಿಲ್ಲದ ಚಟಪಟ ಸದ್ದು ಎಲ್ಲಿಯೋ ಪ್ರವಾಹ ಸ್ಥಿರವಾಗಿಲ್ಲವೆಂಬುದನ್ನೂ, ಕಾದ ಮೇಲೆಯೇ ಅದು ತಲೆದೋರುತ್ತಿದ್ದುದು ದೋಷಕ್ಕೂ ಶಾಖಕ್ಕೂ ನಂಟಿದೆಯೆಂಬುದನ್ನೂ ಸಾರುತ್ತಿದ್ದವು. ಆದರೆ ಈ ಸೂಚನೆಗಳನ್ನು ನಾವು ಆಗ ಕೇಳಿದೆವೇ ಹೊರತು ಆಲಿಸಲಿಲ್ಲ.

4. ನಮ್ಮ ಎರಡು ತಪ್ಪುಗಳು

ಪೆಟ್ಟಿಗೆಯನ್ನು ತೆರೆದು ನೋಡಿದಾಗ ಖ-ಗಗಳ ನಡುವಣ 22,000 ಓಮಿನ ರೋಧಕ ಸುಟ್ಟು, ಅದರ ಬಣ್ಣದ ಪಟ್ಟಿಗಳೂ ಅಳಿಸಿಹೋಗಿದ್ದವು. ಪಕ್ಕದ ಕಂಡೆನ್ಸರನ್ನು ಅನುಮಾನಿಸಬೇಕೆಂಬುದು ನಮಗೆ ಗೊತ್ತಿಲ್ಲದಿರಲಿಲ್ಲ. ಅದರ ಒಂದು ತುದಿಯನ್ನು ಬಿಡಿಸಿ ಕೈಮಾಪಕದಿಂದ ಧಾರಣೆಯನ್ನು ಅಳೆದೆವು. ಮಾಪಕ 15 ಮೈಕ್ರೊಫ್ಯಾರಡ್ ತೋರಿಸಿತು. ಹದಿನಾರಕ್ಕೆ ಹದಿನೈದು ಸಾಲದೇನು? ಕಂಡೆನ್ಸರು ಸರಿಯಾಗಿದೆಯೆಂದು ತೀರ್ಮಾನಿಸಿ, ಅದನ್ನು ಮತ್ತೆ ಬೆಸೆದು, ಅರ್ಧ ವಾಟಿನ ಹೊಸ ರೋಧಕವನ್ನು ಕೂರಿಸಿದೆವು. ಇದು ಮೊದಲನೆಯ ತಪ್ಪು. ಅರ್ಧ ಗಂಟೆಯ ಮೇಲೆ ಹೊಸ ರೋಧಕವೂ ಹಳೆಯದರ ಗತಿಯನ್ನೇ ಕಂಡಿತು. ಅದರೊಡನೆ ಒಂದು ತಟ್ಟೆಯ ಮುದ್ರಣವೂ ನಡುವೆಯೇ ನಿಂತಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಅರ್ಧ ವಾಟಿನದು ತಾಳುವುದಿಲ್ಲವಾದರೆ ಎರಡು ವಾಟಿನದನ್ನು ಹಾಕೋಣ ಎಂದುಕೊಂಡೆವು. ಈ ಸಲ ರೋಧಕ ಉಳಿಯಿತು; ಆದರೆ ಕಾದ ಮೇಲೆ ಧ್ವನಿ ಉಳಿಯಲಿಲ್ಲ. ಕಾಲುವೆ ಕೊರೆದುಹೋಗಿದೆಯೆಂದು ಅದಕ್ಕೆ ಕಲ್ಲು ಕಟ್ಟಿಸಿ ಭದ್ರಪಡಿಸಿದ್ದೆವು. ಕೆಳಗಿನ ಕೆರೆಯ ಏರಿ ಒಡೆದು ನೀರೆಲ್ಲ ಹರಿದುಹೋಗುತ್ತಿದೆಯೇ ಎಂದು ನೋಡಿರಲಿಲ್ಲ.

ಈ ಎರಡು ತಪ್ಪುಗಳ ನಡುವೆ ನಡೆದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯತಕ್ಕದ್ದು. ರೋಧಕ ಎರಡನೆಯ ಸಲ ಸುಟ್ಟಾಗ, ಎರಡು ಇಸಿಸಿ 83 ವಾಲ್ವುಗಳನ್ನೂ ಕಿತ್ತಿಟ್ಟು, ಕ ಮತ್ತು ಖಗಳಲ್ಲಿ ವಿದ್ಯುತ್ತು ಬರುತ್ತಿದೆಯೆಂಬುದನ್ನು ಪರೀಕ್ಷಿಸಿ, ಸ್ವಿಚ್ಚನ್ನು ಆರಿಸಿದ್ದೆವು. ಸುಮಾರು ಹತ್ತು ನಿಮಿಷಗಳ ಬಳಿಕ ನಮ್ಮ ವಿದ್ಯಾರ್ಥಿಯೊಬ್ಬರು ಸುಟ್ಟ ರೋಧಕವನ್ನು ಕೀಳಲು ಬೆರಳಿಟ್ಟು ಹಿಡಿಯುವುದರಲ್ಲಿದ್ದರು. ಅವರನ್ನು ತಡೆದು ಮಾಪಕವನ್ನು ಮುಟ್ಟಿಸಿದಾಗ ಅದು 190 ವೋಲ್ಟು ತೋರಿಸಿತು. ವಾಲ್ವುಗಳಿಲ್ಲದ್ದರಿಂದಲೂ ರೋಧಕ ತುಂಡಾಗಿದ್ದುದರಿಂದಲೂ ಮೊದಲ ಎರಡು ಕಂಡೆನ್ಸರುಗಳ ಆವೇಶಕ್ಕೆ ಹರಿದುಹೋಗಲು ದಾರಿಯೇ ಇರಲಿಲ್ಲ. ಪೂರ್ಣ ವಿಭವದಲ್ಲಿ ಅವೆರಡರಲ್ಲಿ ಅಡಗಿರುವ ಶಕ್ತಿ ಸುಮಾರು 3 ಜೂಲುಗಳು. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಡುವಾಗ ಎದೆಯನ್ನು ಹಾದುಹೋಗುವ ಇಂಥ ಆಘಾತ ಪ್ರಾಣಾಪಾಯವನ್ನೂ ತರಬಹುದು. ಸ್ವಿಚ್ಚು ಆರಿದೆಯೆಂಬುದು ಸುರಕ್ಷತೆಗೆ ಸಾಕ್ಷಿಯಲ್ಲ. ಮಾಪಕದಲ್ಲಿ ಸೊನ್ನೆ ಕಾಣುವವರೆಗೆ ಒಳಗೆ ಕೈಯಿಡಬಾರದು.

5. ಅಳತೆಗಳೂ ಅವುಗಳ ಅರ್ಥವೂ

ಕೊನೆಗೆ ಊಹೆಯನ್ನು ಬಿಟ್ಟು ಅಳೆಯತೊಡಗಿದೆವು. ಸುಸ್ಥಿತಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ವೋಲ್ಟು ಇರಬೇಕೆಂಬುದು ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ ನಕ್ಷೆಯಲ್ಲಿತ್ತು. ಎರಡು ವಾಟಿನ ರೋಧಕವಿದ್ದಾಗ, ಯಂತ್ರ ಕಾದು ಧ್ವನಿ ಕುಗ್ಗಿದ ಮೇಲೆ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಳೆದಾಗ ಬಂದ ಬೆಲೆಗಳನ್ನು ಅವುಗಳ ಪಕ್ಕದಲ್ಲಿ ಕೊಟ್ಟಿದೆ.

ಕ ಬಿಂದು: ಇರಬೇಕಾದದ್ದು 305 ವೋಲ್ಟು, ಇದ್ದದ್ದು 296
ಖ ಬಿಂದು: ಇರಬೇಕಾದದ್ದು 261 ವೋಲ್ಟು, ಇದ್ದದ್ದು 195
ಗ ಬಿಂದು: ಇರಬೇಕಾದದ್ದು 230 ವೋಲ್ಟು, ಇದ್ದದ್ದು 19
ಘ ಬಿಂದು: ಇರಬೇಕಾದದ್ದು 200 ವೋಲ್ಟು, ಇದ್ದದ್ದು 17

ವಿಭವಗಳನ್ನು ಸುಮ್ಮನೆ ನೋಡಿದರೆ ಗ ಮತ್ತು ಘ ಎರಡೂ ಕುಸಿದಿವೆಯೆಂದಷ್ಟೇ ತಿಳಿಯುತ್ತದೆ. ಒಂದೊಂದು ರೋಧಕದ ಎರಡು ತುದಿಗಳ ನಡುವಣ ವ್ಯತ್ಯಾಸವನ್ನು ಅದರ ರೋಧದಿಂದ ಭಾಗಿಸಿದರೆ ಮಾತ್ರ ಪ್ರವಾಹ ಎಲ್ಲಿಗೆ ಹೋಗುತ್ತಿದೆಯೆಂಬುದು ಹೊರಬೀಳುತ್ತದೆ.

ಮೊದಲನೆಯ ರೋಧಕದಲ್ಲಿ 101 ವೋಲ್ಟು ಇಳಿದಿದೆ, ಪ್ರವಾಹ 10.1 ಮಿಲಿಆಂಪಿಯರ್. ಇರಬೇಕಾದದ್ದು 4.4. ಎರಡನೆಯದರಲ್ಲಿ 176 ವೋಲ್ಟು ಇಳಿದಿದೆ; ಪ್ರವಾಹ 8 ಮಿಲಿಆಂಪಿಯರ್. ಇರಬೇಕಾದದ್ದು 1.4. ಮೂರನೆಯದರಲ್ಲಿ ಇಳಿದದ್ದು ಕೇವಲ 2 ವೋಲ್ಟು, ಪ್ರವಾಹ 0.04 ಮಿಲಿಆಂಪಿಯರ್. ಅಂದರೆ ಖದಿಂದ ಗಕ್ಕೆ 8 ಮಿಲಿಆಂಪಿಯರ್ ಬರುತ್ತಿದೆ. ಗದಿಂದ ಮುಂದಕ್ಕೆ ಹೆಚ್ಚುಕಡಿಮೆ ಏನೂ ಹೋಗುತ್ತಿಲ್ಲ. ನೀರು ಮಾಯವಾಗುತ್ತಿರುವುದು ಮೂರನೆಯ ಕೆರೆಯಲ್ಲಿ. ಎರಡನೆಯ ರೋಧಕದಲ್ಲಿ ಶಾಖವಾಗಿ ವ್ಯಯವಾಗುವ ಶಕ್ತಿ ಸುಸ್ಥಿತಿಯಲ್ಲಿ 0.04 ವಾಟು, ಈಗ 1.4 ವಾಟು. ಅರ್ಧ ವಾಟಿನ ರೋಧಕ ಸುಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ ಅಪರಾಧಿಗಳೆಂದು ಶಂಕಿಸತಕ್ಕವು ಇನ್ನೂ ಎರಡಿದ್ದವು: ಗದಲ್ಲಿರುವ ಕಂಡೆನ್ಸರು ಸೋರುತ್ತಿರಬಹುದು, ಇಲ್ಲವೆ ಗದಿಂದ ವಿದ್ಯುತ್ತು ಪಡೆಯುವ ಎರಡನೆಯ ಹಂತದ ವಾಲ್ವೇ ಮಿತಿಮೀರಿ ಹೀರುತ್ತಿರಬಹುದು. ಹಂತಗಳನ್ನು ಜೋಡಿಸುವ ಸಣ್ಣ ಕಂಡೆನ್ಸರು ಸೋರಿ ಗ್ರಿಡ್ಡು ಧನವಿಭವಕ್ಕೆ ಏರಿದರೆ ವಾಲ್ವಿನ ಪ್ರವಾಹ ಹೆಚ್ಚುವುದುಂಟು. ಆದರೆ ಆ ಹಂತದ ಪ್ಲೇಟಿನಲ್ಲಿ 1,00,000 ಓಮಿನ ರೋಧಕವಿದೆ. ವಾಲ್ವು ಪೂರ್ತಿ ವಾಹಕವಾದರೂ 230 ವೋಲ್ಟಿನಲ್ಲಿ 2.3 ಮಿಲಿಆಂಪಿಯರಿಗಿಂತ ಹೆಚ್ಚು ಹೀರಲಾರದು. ಎಂಟು ಮಿಲಿಆಂಪಿಯರಿನ ಆರೋಪವನ್ನು ಅದರ ಮೇಲೆ ಹೊರಿಸುವಂತಿಲ್ಲ. ಖಚಿತಪಡಿಸಿಕೊಳ್ಳಲು ಮೊದಲನೆಯ ವಾಲ್ವನ್ನು ಕಿತ್ತು ಅಳೆದೆವು. ಗ ಮತ್ತು ಘ ಎರಡೂ 19 ವೋಲ್ಟಿನಲ್ಲಿಯೇ ನಿಂತವು. ಇದರಿಂದ ಏಕಕಾಲದಲ್ಲಿ ಎರಡು ಸಂಗತಿಗಳು ಸಿದ್ಧವಾದವು. ವಾಲ್ವು ನಿರ್ದೋಷಿ, ಮೂರನೆಯ ರೋಧಕದಲ್ಲಿ ಇಳಿತವೇ ಇಲ್ಲದ್ದರಿಂದ ಘದ ಕಂಡೆನ್ಸರೂ ನಿರ್ದೋಷಿ. ಯಂತ್ರವನ್ನು ಆರಿಸಿ, ಆವೇಶವನ್ನು ಹರಿಯಗೊಟ್ಟು, ಗದ ಕಂಡೆನ್ಸರಿನ ಒಂದು ತುದಿಯನ್ನು ಬಿಡಿಸಿ ಮತ್ತೆ ಹೊತ್ತಿಸಿದಾಗ ಖ, ಗ, ಘ ಮೂರೂ ಸುಮಾರು 277 ವೋಲ್ಟಿಗೆ ಏರಿದವು. ವಾಲ್ವಿಲ್ಲದೆ ಪ್ರವಾಹವಿಲ್ಲದ ಕಡೆ ಇಳಿತವೂ ಇರಬಾರದಷ್ಟೆ.

ಮಾಪಕದ ವಿಚಾರದಲ್ಲಿ ಒಂದು ಮಾತು. ಈಗಿನ ಅಂಕೀಯ ಮಾಪಕಗಳ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅವು ಅಳೆಯುವ ಮಂಡಲವನ್ನು ಬಾಧಿಸುವುದಿಲ್ಲ. ವೋಲ್ಟಿಗೆ 1,000 ಓಮಿನಂತಿರುವ ಹಳೆಯ ಮುಳ್ಳಿನ ಮಾಪಕವನ್ನು 250 ವೋಲ್ಟಿನ ವ್ಯಾಪ್ತಿಯಲ್ಲಿಟ್ಟರೆ ಅದರ ರೋಧ 2,50,000 ಓಮ್ ಮಾತ್ರ. ಘದಂಥ ಬಿಂದುವಿನಲ್ಲಿ ಅದು ತಾನೇ ಪ್ರವಾಹವನ್ನು ಹೀರಿ, ನಿಜವಾದ ಬೆಲೆಗಿಂತ ಗಣನೀಯವಾಗಿ ಕಡಿಮೆ ತೋರಿಸುತ್ತದೆ. ಅಳೆಯುವ ಕ್ರಿಯೆಯಿಂದಲೇ ದೋಷ ಹುಟ್ಟಿದಂತೆ ಕಾಣಬಾರದಷ್ಟೆ.

6. ಮಾಪಕ ಸುಳ್ಳು ಹೇಳಿತೆ?

ಹಾಗಾದರೆ ಕೈಮಾಪಕ ಆ ಕಂಡೆನ್ಸರನ್ನು ಸರಿಯೆಂದು ಏಕೆ ತೋರಿಸಿತು? ಮಾಪಕ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಧಾರಣೆಯನ್ನು ಅಳೆಯುವಾಗ ಕೈಮಾಪಕ ಕಂಡೆನ್ಸರಿಗೆ ಕೊಡುವ ವಿಭವ ಅತ್ಯಲ್ಪ. ಯಂತ್ರದಲ್ಲಿ ಅದರ ಮೇಲೆ ಬೀಳುವುದು 230 ವೋಲ್ಟು, ಅದೂ ಬಿಸಿಯಲ್ಲಿ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನಲ್ಲಿ ಅವಾಹಕದ ಕೆಲಸ ಮಾಡುವುದು ಅಲ್ಯೂಮಿನಿಯಮ್ ಹಾಳೆಯ ಮೇಲೆ ರಾಸಾಯನಿಕವಾಗಿ ಬೆಳೆಸಿದ ಆಕ್ಸೈಡಿನ ಪೊರೆ. ಅದರ ದಪ್ಪ ಒಂದೊಂದು ವೋಲ್ಟಿಗೆ ಸುಮಾರು 1.4 ನ್ಯಾನೋಮೀಟರಿನಂತೆ ಇರುತ್ತದೆ. ಅಂದರೆ ನೂರಾರು ವೋಲ್ಟು ತಡೆಯುವ ಪೊರೆಯೂ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮುಟ್ಟುವುದಿಲ್ಲ. ಪೊರೆ ಒಂದೆಡೆ ದುರ್ಬಲವಾದರೆ ಅಲ್ಪ ವಿಭವದಲ್ಲಿ ಅದು ತೋರುವುದೇ ಇಲ್ಲ, ಕಾರ್ಯವಿಭವದಲ್ಲಿ ಸೋರುತ್ತದೆ. ಸೋರಿಕೆಯಿಂದ ಶಾಖ, ಶಾಖದಿಂದ ಮತ್ತಷ್ಟು ಸೋರಿಕೆ. ತಣಿದ ಮೇಲೆ ಮತ್ತೆ ಮೊದಲಿನಂತೆ ಸಾಧು.

ಆದ್ದರಿಂದ ಕಂಡೆನ್ಸರನ್ನು ಅದರ ಕಾರ್ಯವಿಭವಕ್ಕೆ ಒಡ್ಡಿಯೇ ಪರೀಕ್ಷಿಸಬೇಕು. ನಾವು ಅದನ್ನು 1,00,000 ಓಮಿನ ರೋಧಕದ ಮೂಲಕ 305 ವೋಲ್ಟಿಗೆ ಜೋಡಿಸಿ, ರೋಧಕದಲ್ಲಿನ ಇಳಿತವನ್ನು ಅಳೆದೆವು. ಇಲ್ಲಿ ಒಂದು ವೋಲ್ಟಿನ ಇಳಿತವೆಂದರೆ 10 ಮೈಕ್ರೊಆಂಪಿಯರ್ ಸೋರಿಕೆ. ಕಂಡೆನ್ಸರು ತುಂಬಿ ಸ್ಥಿರವಾದ ಮೇಲೆ ಇಳಿತ 12 ವೋಲ್ಟಿತ್ತು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಸೋಕಿಸುತ್ತ ಹೋದಂತೆ ಅದು ಏರಿ 280 ವೋಲ್ಟನ್ನು ಮುಟ್ಟಿತು. ಹೊಸ ಕಂಡೆನ್ಸರೊಂದನ್ನು ಹೀಗೆಯೇ ಪರೀಕ್ಷಿಸಿದಾಗ ಬಿಸಿಯಲ್ಲಿಯೂ ಇಳಿತ 2 ವೋಲ್ಟನ್ನು ಮೀರಲಿಲ್ಲ.

7. ದುರಸ್ತಿ

ಮೂರು ಕೆಲಸಗಳನ್ನು ಮಾಡಿದೆವು. ಮೊದಲನೆಯದಾಗಿ, ಗದಲ್ಲಿ 22 ಮೈಕ್ರೊಫ್ಯಾರಡಿನ, 450 ವೋಲ್ಟು ತಾಳುವ ಹೊಸ ಕಂಡೆನ್ಸರನ್ನು ಹಾಕಿದೆವು. 16ರ ಹಳೆಯ ಅಳತೆಗೆ ಈಗ ಸುಲಭವಾಗಿ ದೊರೆಯುವ ಸಮೀಪದ ಅಳತೆ ಇದು. ಹಳೆಯದು ರೆಕ್ಟಿಫೈಯರು ವಾಲ್ವಿಗೆ ತಾಗಿಕೊಂಡಂತೆ ಇತ್ತು. ಆ ವಾಲ್ವಿನ ತಂತುವೊಂದೇ ಸುಮಾರು 3.8 ವಾಟು ಶಾಖವನ್ನು ಸದಾ ಸೂಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕಂಡೆನ್ಸರಿನ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲನಿಯಮ. ಆದುದರಿಂದ ಹೊಸದನ್ನು ಪೆಟ್ಟಿಗೆಯ ತಂಪಾದ ಮೂಲೆಗೆ ಸರಿಸಿದೆವು. ಕಂಡೆನ್ಸರು ಕೆಟ್ಟದ್ದಕ್ಕೂ ಒಂದು ಕಾರಣವಿದ್ದಿತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಈ ದುರಸ್ತಿಯೂ ಅರ್ಧದ್ದಾಗುತ್ತಿತ್ತು.

ಎರಡನೆಯದಾಗಿ, ಎರಡು ವಾಟಿನ ರೋಧಕವನ್ನು ತೆಗೆದು ಮತ್ತೆ ಅರ್ಧ ವಾಟಿನದನ್ನೇ ಕೂರಿಸಿದೆವು. ಸುಸ್ಥಿತಿಯಲ್ಲಿ ಅದರ ಹೊರೆ ಶಕ್ತಿಯ ಹತ್ತನೆಯ ಒಂದು ಭಾಗವೂ ಅಲ್ಲ. ಮುಂದೆ ಎಂದಾದರೂ ಕಂಡೆನ್ಸರು ಸೋರಿದರೆ ಅದು ಬೇಗ ಸುಟ್ಟು ನಮ್ಮನ್ನು ಎಚ್ಚರಿಸಲಿ. ದೋಷವನ್ನು ಮುಚ್ಚಿಕೊಂಡು ಒಳಗೊಳಗೇ ಬೇಯುವುದು ಬೇಡ.

ಮೂರನೆಯದಾಗಿ, ಕ ಬಿಂದುವಿನಿಂದ ಭೂಸಂಪರ್ಕಕ್ಕೆ 2,20,000 ಓಮಿನ, ಎರಡು ವಾಟಿನ ರೋಧಕವೊಂದನ್ನು ಶಾಶ್ವತವಾಗಿ ಜೋಡಿಸಿದೆವು. ಅದು ಹೀರುವುದು 1.4 ಮಿಲಿಆಂಪಿಯರ್ ಮಾತ್ರ. ಸ್ವಿಚ್ಚು ಆರಿಸಿದ ಎರಡು ಮೂರು ನಿಮಿಷಗಳಲ್ಲಿ, ವಾಲ್ವುಗಳಿರಲಿ ಇಲ್ಲದಿರಲಿ, ಆವೇಶ ಬಹುಮಟ್ಟಿಗೆ ಹರಿದುಹೋಗುತ್ತದೆ. ಹಾಗೆಂದು ಮಾಪಕವನ್ನು ಮುಟ್ಟಿಸಿ ನೋಡುವ ನಿಯಮವನ್ನು ಸಡಿಲಿಸಿಲ್ಲ. ಈ ರೋಧಕವೂ ಒಂದು ದಿನ ತುಂಡಾಗಬಹುದು.

ಬಳಿಕ, ದುರಸ್ತಿಯಂಗಡಿಗಳಲ್ಲಿ ಸೀರೀಸ್ ಲ್ಯಾಂಪ್ ಎಂದು ಕರೆಯುವ ಪದ್ಧತಿಯಂತೆ, ತಂತುವಿರುವ ಹಳೆಯ ಬಗೆಯ ವಿದ್ಯುದ್ದೀಪವೊಂದನ್ನು ಸರಣಿಯಲ್ಲಿಟ್ಟು ಯಂತ್ರವನ್ನು ಹೊತ್ತಿಸಿದೆವು. ದೀಪ ಮಂಕಾಗಿಯೇ ಉಳಿದದ್ದರಿಂದ ಪ್ರವಾಹ ಮಿತಿಮೀರಿಲ್ಲವೆಂದು ತಿಳಿದು, ನೇರವಾಗಿ ಜೋಡಿಸಿ ಅಳೆದೆವು. ನಾಲ್ಕು ಬಿಂದುಗಳಲ್ಲಿ ಕ್ರಮವಾಗಿ 304, 260, 229 ಮತ್ತು 199 ವೋಲ್ಟುಗಳು ಬಂದವು. ನಾಲ್ಕು ಗಂಟೆ ಕಾದ ಮೇಲೆಯೂ ಅವು ಕದಲಲಿಲ್ಲ. ಗಡುವಿನ ಕೊನೆಯ ಎರಡು ದಿನಗಳಲ್ಲಿ ಉಳಿದ ತಟ್ಟೆಗಳ ಮುದ್ರಣ ಮುಗಿದು, ಅವು ತಮ್ಮ ಮನೆಗೆ ಸುರಕ್ಷಿತವಾಗಿ ಮರಳಿದವು.

8. ಉಪಸಂಹಾರ

ವಾಲ್ವುಗಳ ಯುಗ ಮುಗಿದುಹೋಯಿತು, ಈ ವಿದ್ಯೆಯಿಂದ ಇಂದು ಏನು ಪ್ರಯೋಜನವೆಂದು ಕೇಳುವವರುಂಟು. ಇಸಿಸಿ 83 ಜಾತಿಯ ವಾಲ್ವುಗಳು ಸ್ಲೊವಾಕಿಯಾ, ರಷ್ಯಾ, ಚೀನಾ ದೇಶಗಳಲ್ಲಿ ಇಂದಿಗೂ ತಯಾರಾಗುತ್ತಿವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಪ್ರತಿಯೊಂದು ಬಿಂದುವೂ ಅಳತೆಗೆ ಸಿಕ್ಕುತ್ತದೆ. ಪ್ರಥಮ ವರ್ಷದ ವಿದ್ಯಾರ್ಥಿಗೂ ತಿಳಿದಿರುವ ಒಂದು ನಿಯಮದಿಂದ ಕಾರಣಕ್ಕೂ ಪರಿಣಾಮಕ್ಕೂ ಇರುವ ಭೇದವನ್ನು ಇಷ್ಟು ಸ್ಫುಟವಾಗಿ ತೋರಿಸುವ ಉಪಕರಣಗಳು ವಿರಳ.

ನಾವು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಆದರೆ ಆ ನಾಲ್ಕು ವಿಭವಗಳನ್ನು ಮೊದಲ ದಿನವೇ ಅಳೆದು ಮೂರು ಭಾಗಾಕಾರಗಳನ್ನು ಮಾಡಿದ್ದರೆ, ಒಂದು ರೋಧಕವೂ ಒಂದು ತಟ್ಟೆಯ ಮುದ್ರಣವೂ ಹಲವು ದಿನಗಳೂ ಉಳಿಯುತ್ತಿದ್ದವು. ಸುಟ್ಟ ಭಾಗ ಸಾಕ್ಷಿ. ಸಾಕ್ಷಿಯನ್ನು ಬದಲಾಯಿಸುವ ಮುನ್ನ ಅದು ಏನು ಹೇಳುತ್ತಿದೆಯೆಂಬುದನ್ನು ಕೇಳಿಕೊಳ್ಳುವುದು ಲೇಸು. ಸುಟ್ಟ ಆ ಎರಡು ರೋಧಕಗಳನ್ನು ನಾವು ಎಸೆದಿಲ್ಲ. ಪ್ರಯೋಗಶಾಲೆಯ ಹಲಗೆಯ ಮೇಲೆ, ಅಳತೆಗಳ ಪಟ್ಟಿಯ ಪಕ್ಕದಲ್ಲಿ, ವಿದ್ಯಾರ್ಥಿಗಳ ಕಣ್ಣಿಗೆ ಬೀಳುವಂತೆ ಅಂಟಿಸಿಟ್ಟಿದ್ದೇವೆ.